ಟೈಗರ್ ಟ್ಯಾಂಕಿನ ಹುಡುಗ ಲೆಫ್ಟಿನೆಂಟ್

ತೂಕ ಸಾಲದು ಎಂದು ಸೈನ್ಯದವರು ಅವನನ್ನು ಎರಡು ಸಲ ಮನೆಗೆ ಕಳಿಸಿದ್ದರು. ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಫ್ರಾನ್ಸಿನ ಗಡಿಗೆ ಹತ್ತಿರವಿರುವ ತ್ಸ್ವೈಬ್ರ್ಯುಕೆನ್ ಎಂಬ ಊರಿನ ಹುಡುಗ ಒಟ್ಟೊ ಕಾರಿಯಸ್. ಹುಟ್ಟಿದ್ದು 1922ರ ಮೇ 27ರಂದು. 1940ರಲ್ಲಿ ಅವನು ಶಾಲೆ ಮುಗಿಸುವ ಹೊತ್ತಿಗೆ ಜರ್ಮನ್ ಸೈನ್ಯ ಫ್ರಾನ್ಸಿನೊಳಗೆ ನುಗ್ಗಿತ್ತು. ಯುದ್ಧ ಬೇಗ ಮುಗಿದುಹೋದರೆ ತಮಗೆ ಏನೂ ಉಳಿಯುವುದಿಲ್ಲ ಎಂಬ ಚಿಂತೆ ಆ ವಯಸ್ಸಿನ ಹುಡುಗರದು. ಮೂರನೆಯ ಸಲ ಹೇಗೋ ಸೇರಿಸಿಕೊಂಡರು, ಅದೂ ಕಾಲ್ದಳಕ್ಕೆ. ಜರ್ಮನಿ ಆಗಷ್ಟೇ ಕಬಳಿಸಿದ್ದ ಪೋಲೆಂಡಿನ ಪೋಜ್ನಾನ್‌ನಲ್ಲಿ ತರಬೇತಿ. ಜರ್ಮನ್ನರು ಅದನ್ನು ಪೋಸೆನ್ ಎನ್ನುತ್ತಿದ್ದರು. ಈ ಊರಿನ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ. ಟ್ಯಾಂಕ್ ದಳಕ್ಕೆ ಆಳು ಬೇಕು ಎಂದಾಗ ಕಾರಿಯಸ್ ತಾನಾಗಿ ಹೆಸರು ಕೊಟ್ಟ.

ಮುಂದೆ ಇದೇ ಹುಡುಗ ನೂರೈವತ್ತಕ್ಕೂ ಹೆಚ್ಚು ಟ್ಯಾಂಕು ಹೊಡೆದುರುಳಿಸಿದವನು ಎಂದು ಹೆಸರಾದ. ಎದೆ ಮೇಲೆ ನೈಟ್ಸ್ ಕ್ರಾಸ್ ಪದಕ ಬಂತು, ಅದರ ಮೇಲೆ ಓಕ್ ಎಲೆಗಳೂ ಬಂದವು. ಇವತ್ತು ಮೊಬೈಲಿನಲ್ಲಿ ಟ್ಯಾಂಕಿನ ಆಟ ಆಡುವ ಹುಡುಗರು, ಪ್ಲಾಸ್ಟಿಕ್ ಮಾದರಿ ಜೋಡಿಸುವವರು, ಯುದ್ಧದ ವಿಡಿಯೊ ನೋಡುವವರು ಅವನ ಹೆಸರನ್ನು ಕ್ರಿಕೆಟ್ ಆಟಗಾರನ ಹೆಸರಿನ ಹಾಗೆ ಹೇಳುತ್ತಾರೆ, ಅಂಕಿಯ ಸಮೇತ. ಆ ಅಂಕಿ ಜರ್ಮನ್ನರು ತಾವೇ ಬರೆದುಕೊಂಡ ಲೆಕ್ಕ. ನನಗೆ ಬೇಕಾದದ್ದು ಅದಲ್ಲ. 1960ರಲ್ಲಿ ಕಾರಿಯಸ್ 'ಕೆಸರಿನಲ್ಲಿ ಟೈಗರ್‌ಗಳು' ಎಂಬ ಅರ್ಥದ ಹೆಸರಿಟ್ಟು ತನ್ನ ಯುದ್ಧದ ನೆನಪುಗಳನ್ನು ಬರೆದ. ಅದರಲ್ಲಿ ಒಂದು ಬಡಕಲು ದೇಹ ನಾಲ್ಕು ವರ್ಷ ಏನೇನು ತಡೆದುಕೊಂಡಿತು ಎಂಬುದು ಇದೆ. ಅಷ್ಟೆಲ್ಲ ತಡೆದುಕೊಂಡದ್ದು ಯಾವುದಕ್ಕೆ ಎಂಬುದು ಇಲ್ಲ. ಎರಡನ್ನೂ ಒಟ್ಟಿಗೆ ಹೇಳದೆ ಇದ್ದರೆ ಅವನ ಕಥೆ ಪೂರ್ತಿಯಾಗುವುದಿಲ್ಲ ಎಂದು ನನ್ನ ನಂಬಿಕೆ.

1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಬಿತ್ತು. ಕಾರಿಯಸ್ ಆಗ 20ನೆಯ ಪಾಂಜರ್ ಡಿವಿಜನ್‌ನ ಒಂದು ಟ್ಯಾಂಕಿನಲ್ಲಿ ಲೋಡರ್. ಲೋಡರ್ ಎಂದರೆ ತೋಪಿಗೆ ಶೆಲ್ ತುಂಬುವವನು. ಹೊರಗೆ ಏನಾಗುತ್ತಿದೆ ಎಂಬುದು ಅವನ ಕಣ್ಣಿಗೆ ಬೀಳುವುದಿಲ್ಲ. ಕಮಾಂಡರ್ ಕೂಗಿದಾಗ ತುಂಬಬೇಕು, ಖಾಲಿ ತೋಟಾ ಬಿದ್ದಾಗ ಕಾಲು ಸರಿಸಬೇಕು. ಅವನಿದ್ದ ಟ್ಯಾಂಕು ಜೆಕ್ ದೇಶದಲ್ಲಿ ತಯಾರಾದ 38(ಟಿ), ಸುಮಾರು 10 ಟನ್ ತೂಕದ್ದು, 37 ಮಿಲಿಮೀಟರ್ ತೋಪು. ಅದರ ಉಕ್ಕಿನ ಹಾಳೆಗಳನ್ನು ರಿವೆಟ್ ಹೊಡೆದು ಜೋಡಿಸಿದ್ದರು. ಹೊರಗಿನಿಂದ ಗುಂಡು ಬಡಿದರೆ ಹಾಳೆ ತೂತಾಗದಿದ್ದರೂ ರಿವೆಟ್ ಕಿತ್ತು ಒಳಗಿದ್ದವರ ಮೈಗೆ ನಾಟುತ್ತಿತ್ತು.

ವಿಲ್ನಾ ದಾಟಿ, ಮಿನ್ಸ್ಕ್ ದಾಟಿ, ಪಶ್ಚಿಮ ದ್ವಿನಾ ನದಿಯ ಕಡೆಗೆ ಓಟ. ಜುಲೈ 8ರಂದು ಉಲ್ಲಾ ಎಂಬ ಊರಿನ ಹತ್ತಿರ ಅವರ ಟ್ಯಾಂಕಿಗೆ ಪೆಟ್ಟು ಬಿತ್ತು. ಒಂದು ಸದ್ದು, ಕಬ್ಬಿಣ ಒಡೆದ ಸದ್ದು, ಒಳಗೆ ಒಬ್ಬನ ಚೀರಾಟ. ರೇಡಿಯೊ ಆಪರೇಟರನ ಎಡಗೈ ಹರಿದುಹೋಗಿತ್ತು. ಕಾರಿಯಸ್ ಹೊರಗೆ ಹಾರಿ ನೆಲಕ್ಕೆ ಬಿದ್ದ ಮೇಲಷ್ಟೇ ತನ್ನ ಮುಖ ಮುಟ್ಟಿ ನೋಡಿಕೊಂಡ. ಚೂರುಗಳು ಮುಖಕ್ಕೆ ಹೊಕ್ಕಿದ್ದವು, ಹಲ್ಲುಗಳು ಹೋಗಿದ್ದವು. ಆಗ ಅವನಿಗೆ 19 ವರ್ಷ. ಬೇಗ ಬಿರಿಯುವ ಆ ಉಕ್ಕನ್ನು ಅವನು ಬೈದದ್ದು ಪುಸ್ತಕದಲ್ಲಿದೆ. ಆಸ್ಪತ್ರೆಯಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ತನ್ನ ಟ್ಯಾಂಕಿನವರನ್ನು ಬಿಟ್ಟಿರಲಾರದೆ ಸಿಕ್ಕ ಗಾಡಿ ಹತ್ತಿ ಮುಂಚೂಣಿಗೆ ಮರಳಿದ.

ಅವನು ಹಾದುಹೋದ ವಿಲ್ನಾದ ಹೊರವಲಯದಲ್ಲಿ ಪೊನಾರಿ ಎಂಬ ಕಾಡಿದೆ. ಟ್ಯಾಂಕುಗಳು ಮುಂದೆ ಹೋದ ಕೆಲವೇ ದಿನಗಳಲ್ಲಿ, ಅದೇ ಜುಲೈಯಲ್ಲಿ, ಅಲ್ಲಿ ಯಹೂದಿಗಳನ್ನು ಗುಂಡಿಗಳ ಅಂಚಿಗೆ ನಿಲ್ಲಿಸಿ ಕೊಲ್ಲುವುದು ಶುರುವಾಯಿತು. ಮೂರು ವರ್ಷಗಳಲ್ಲಿ ಅಲ್ಲಿ ಸತ್ತವರಲ್ಲಿ ಯಹೂದಿಗಳೇ ಅಂದಾಜು 70 ಸಾವಿರ. ಕಾರಿಯಸ್ ಅದನ್ನು ಮಾಡಿದ ಎಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಟ್ಯಾಂಕು ದಾರಿ ಮಾಡಿಕೊಡದೆ ಇದ್ದಿದ್ದರೆ ಆ ಗುಂಡಿಗಳವರೆಗೆ ಕೊಲೆಗಾರರು ತಲುಪುತ್ತಿರಲಿಲ್ಲ. ಹಲ್ಲು ಕಳೆದುಕೊಂಡ ಹುಡುಗನ ನೋವು ನಿಜ. ಅವನ ಗಾಡಿಯ ಹಿಂದೆ ಬಂದದ್ದೂ ನಿಜ.

ಆ ಬಳಿಕ ಅಧಿಕಾರಿ ತರಬೇತಿ, ಲೆಫ್ಟಿನೆಂಟ್ ಪದವಿ. 1943ರಲ್ಲಿ ಅವನನ್ನು 502ನೆಯ ಭಾರೀ ಟ್ಯಾಂಕ್ ಬೆಟಾಲಿಯನ್ನಿಗೆ ಹಾಕಿದರು. ಟೈಗರ್ ಟ್ಯಾಂಕನ್ನು ಮೊಟ್ಟಮೊದಲು ರಣರಂಗಕ್ಕೆ ಇಳಿಸಿದ್ದು ಇದೇ ಬೆಟಾಲಿಯನ್, 1942ರ ಆಗಸ್ಟ್ ಕೊನೆಯಲ್ಲಿ, ಲೆನಿನ್‌ಗ್ರಾಡ್ ಬಳಿಯ ಮ್ಗಾ ಎಂಬಲ್ಲಿ. ಆ ಮೊದಲ ಟೈಗರ್‌ಗಳು ಜೌಗು ನೆಲದಲ್ಲಿ ಹೂತುಹೋಗಿ ಕೆಟ್ಟು ನಿಂತಿದ್ದವು. ಮುಂದಿನ ಜನವರಿಯಲ್ಲಿ ಒಂದು ಟೈಗರ್ ಸೋವಿಯತ್ ಸೈನಿಕರ ಕೈಗೇ ಸಿಕ್ಕಿತು.

ಟೈಗರ್ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮುಂದಿನ ಒಂದು ವರ್ಷ ಅವನ ಮನೆ ಅದೇ. ತೂಕ ಸುಮಾರು 57 ಟನ್. ಮುಂದಿನ ಉಕ್ಕು 10 ಸೆಂಟಿಮೀಟರ್ ದಪ್ಪ. 88 ಮಿಲಿಮೀಟರ್ ತೋಪು, 92 ಶೆಲ್‌ಗಳು. ಒಳಗೆ ಐವರು: ಮುಂದೆ ಡ್ರೈವರ್ ಮತ್ತು ರೇಡಿಯೊ ಆಪರೇಟರ್, ಮೇಲಿನ ಗೋಪುರದಲ್ಲಿ ಗನ್ನರ್, ಅವನ ಬೆನ್ನಿಗೆ ಕಮಾಂಡರ್, ಬಲಗಡೆ ಲೋಡರ್. ಗಂಟಲಿಗೆ ಕಟ್ಟಿದ ಮೈಕಿನಲ್ಲೇ ಪರಸ್ಪರ ಮಾತು, ಇಲ್ಲವಾದರೆ ಇಂಜಿನ್ ಸದ್ದಿನಲ್ಲಿ ಏನೂ ಕೇಳದು. ತೋಪು ಹಾರಿದಾಗ ಮದ್ದಿನ ಹೊಗೆ ಒಳಗೇ ತುಂಬಿ ಕಣ್ಣು ಉರಿಯುತ್ತದೆ. ಚಳಿಗಾಲದಲ್ಲಿ ಉಸಿರು ಗೋಡೆಗೆ ತಾಗಿ ಹಿಮವಾಗಿ ಕೂರುತ್ತದೆ. ಕೈಗವಸು ಇಲ್ಲದೆ ಉಕ್ಕು ಮುಟ್ಟಿದರೆ ಚರ್ಮ ಅಲ್ಲೇ ಅಂಟುತ್ತದೆ. ರಾತ್ರಿ ಆಗಾಗ ಇಂಜಿನ್ ಚಾಲೂ ಮಾಡಿ ಬಿಸಿ ಇಟ್ಟುಕೊಳ್ಳಬೇಕು, ಬೆಳಿಗ್ಗೆ ಶುರುವಾಗದಿದ್ದರೆ ಅದೇ ಗೋರಿ. ಇನ್ನು ಅದರ ಚಕ್ರಗಳು: ಅಗಲವಾದ ಸರಪಳಿ ಪಟ್ಟಿಯೊಳಗೆ ಒಂದರ ಮೇಲೊಂದು ಅರ್ಧರ್ಧ ಹಾಸಿದ ಹಾಗೆ ಜೋಡಿಸಿದವು. ಒಳಗಿನ ಒಂದು ಚಕ್ರ ಕೆಟ್ಟರೆ ಹೊರಗಿನ ಹಲವು ಚಕ್ರ ಬಿಚ್ಚಬೇಕು. ಸಂಜೆ ಮೆತ್ತಿದ ಕೆಸರು ರಾತ್ರಿ ಹೆಪ್ಪುಗಟ್ಟಿ ಚಕ್ರಗಳನ್ನೇ ಕಚ್ಚಿ ಹಿಡಿಯುತ್ತಿತ್ತು. ಗುಂಡಿನ ಮಳೆಯಲ್ಲಿ, ಮಂಡಿಯವರೆಗಿನ ಕೆಸರಿನಲ್ಲಿ ನಿಂತು ಐವರು ಹುಡುಗರು ಹಾರೆಕೋಲು ಹಿಡಿದು ಆ ಕೆಸರನ್ನು ಕೆರೆಯುತ್ತಿದ್ದರು. ಕೆಟ್ಟು ನಿಂತ ಟೈಗರನ್ನು ಎಳೆಯಲು ಇನ್ನೊಂದು ಟೈಗರೇ ಬೇಕು, ಎಳೆದ ಟೈಗರಿನ ಇಂಜಿನ್ ಕೂಡ ಹಾಗೆಯೇ ಕೆಡುತ್ತಿತ್ತು. ಆಟದಲ್ಲಿ ಈ ಭಾಗ ಬರುವುದಿಲ್ಲ.

ಕಮಾಂಡರ್ ಆದವನು ಮುಚ್ಚಳ ತೆರೆದು ತಲೆ ಹೊರಗಿಟ್ಟೇ ಇರಬೇಕು ಎಂಬುದು ಕಾರಿಯಸ್‌ನ ಪಾಠ. ಮುಚ್ಚಳ ಹಾಕಿಕೊಂಡು ಗಾಜಿನ ಸೀಳಿನಿಂದ ನೋಡುವವನಿಗೆ ಶತ್ರು ಮೊದಲು ಕಾಣುವುದಿಲ್ಲ, ಮೊದಲು ಕಂಡವನೇ ಬದುಕುತ್ತಾನೆ ಎಂಬುದು ಅವನ ಲೆಕ್ಕ. ಆದರೆ ತಲೆ ಹೊರಗಿದ್ದರೆ ಚೂರು, ಗುಂಡು ಎಲ್ಲದಕ್ಕೂ ಆ ತಲೆಯೇ ಗುರಿ. ದಳದ ಎಷ್ಟೋ ಕಮಾಂಡರುಗಳು ತಲೆಗೆ ಪೆಟ್ಟು ತಿಂದು ಸತ್ತರು. ಗೊತ್ತಿದ್ದೂ ತಲೆ ಹೊರಗಿಟ್ಟ ಧೈರ್ಯವನ್ನು ಅಲ್ಲಗಳೆಯುವಂತಿಲ್ಲ. ಜಾಗ ಸ್ವತಃ ಹೋಗಿ ನೋಡದೆ ಟ್ಯಾಂಕನ್ನು ಮುಂದೆ ಬಿಡಬಾರದು ಎಂಬ ಅಭ್ಯಾಸವೂ ಅವನಿಗೆ ಇತ್ತು. ಆ ಅಭ್ಯಾಸ ಮುಂದೆ ಅವನ ಜೀವಕ್ಕೇ ಬಂತು.

1943ರ ಜುಲೈಯಲ್ಲಿ ಅವನ ಕಂಪನಿ ಲೆನಿನ್‌ಗ್ರಾಡ್ ರಂಗಕ್ಕೆ ಬಂತು. ಲಡೋಗಾ ಸರೋವರದ ದಕ್ಷಿಣಕ್ಕೆ ಸಿನ್ಯಾವಿನೊ ದಿಬ್ಬಗಳು. ನೋಡಲು ಹೆಚ್ಚೇನೂ ಎತ್ತರವಿಲ್ಲ, ಆದರೆ ಸುತ್ತಲೂ ಜೌಗು. ಎತ್ತರ ಹಿಡಿದವರ ತೋಪಿಗೆ ಲೆನಿನ್‌ಗ್ರಾಡಿಗೆ ಹೋಗುವ ರೈಲು ಸಿಗುತ್ತಿತ್ತು. 1941ರ ಸೆಪ್ಟೆಂಬರ್ 8ರಿಂದ ಆ ನಗರಕ್ಕೆ ಮುತ್ತಿಗೆ. ಮೊದಲ ಚಳಿಗಾಲದಲ್ಲಿ ಮಕ್ಕಳಿಗೆ, ಮುದುಕರಿಗೆ, ಕಚೇರಿ ನೌಕರರಿಗೆ ದಿನಕ್ಕೆ 125 ಗ್ರಾಂ ಬ್ರೆಡ್ಡು ಕೊಟ್ಟ ದಿನಗಳಿದ್ದವು. ಅದರಲ್ಲೂ ಅರ್ಧಕ್ಕೆ ಅರ್ಧ ಹೊಟ್ಟು, ಬೆರಕೆ. ಸತ್ತವರನ್ನು ಮಕ್ಕಳ ಹಿಮಗಾಡಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಆ ನಗರದ ಪಿಸ್ಕರ್ಯೋವ್‌ಸ್ಕೊಯೆ ಸ್ಮಶಾನವೊಂದರಲ್ಲೇ 5 ಲಕ್ಷಕ್ಕೆ ಹತ್ತಿರ ಹತ್ತಿರ ಜನ ಮಲಗಿದ್ದಾರೆ, ಹೆಚ್ಚಿನವರು ಸೈನಿಕರಲ್ಲ. 1943ರ ಜನವರಿಯಲ್ಲಿ ಸೋವಿಯತ್ ಸೈನ್ಯ ಸರೋವರದ ದಂಡೆಗುಂಟ ಒಂದು ಕಿರಿದಾದ ದಾರಿ ಬಿಡಿಸಿಕೊಂಡಿತ್ತು. ಜುಲೈಯಲ್ಲಿ ಅದನ್ನು ಅಗಲ ಮಾಡಲು ಮತ್ತೆ ನುಗ್ಗಿತು. ಟೈಗರ್‌ಗಳನ್ನು ತಂದು ನಿಲ್ಲಿಸಿದ್ದು ಆ ದಾರಿ ಅಗಲವಾಗದ ಹಾಗೆ ನೋಡಿಕೊಳ್ಳಲು.

ಪುಸ್ತಕದಲ್ಲಿ ಈ ದಿನಗಳು ಸೊಳ್ಳೆ, ಜೌಗು, ಫಿರಂಗಿಯ ಸದ್ದು, ಸತ್ತ ಗೆಳೆಯರ ದಿನಗಳು. ಸುಳ್ಳಲ್ಲ. ಟ್ಯಾಂಕಿನ ಸೀಳುಗಂಡಿಯಿಂದ ಅಷ್ಟೇ ಕಾಣುವುದು. ಆದರೆ ಬರೆಯುವ ಹೊತ್ತಿಗೆ ಯುದ್ಧ ಮುಗಿದು 15 ವರ್ಷವಾಗಿತ್ತು. ಆಗಲೂ ಆ ಸೀಳಿನಿಂದಲೇ ನೋಡಿದ್ದಕ್ಕೆ ನನ್ನ ತಕರಾರು.

1944ರ ಜನವರಿ 27ರಂದು, 872 ದಿನಗಳ ಬಳಿಕ, ಲೆನಿನ್‌ಗ್ರಾಡಿನ ಮುತ್ತಿಗೆ ಪೂರ್ತಿ ಮುರಿಯಿತು. ಜರ್ಮನ್ ಸೈನ್ಯ ಹಿಮದಲ್ಲಿ ಎಸ್ಟೋನಿಯಾದ ನಾರ್ವಾ ನದಿಯವರೆಗೆ ಹಿಂದೆ ಸರಿಯಿತು. ಹಿಂದೆ ಸರಿಯುವ ಸೈನ್ಯದಲ್ಲಿ ಟೈಗರ್‌ಗೆ ಯಾವಾಗಲೂ ಕೊನೆಯ ಸ್ಥಾನ, ಎಲ್ಲರೂ ಹೋದ ಮೇಲೆ ಹೋಗಬೇಕು. ಡೀಸೆಲ್ ಅಲ್ಲ, ಪೆಟ್ರೋಲು ಕುಡಿಯುವ ಗಾಡಿ. ರಸ್ತೆಯಲ್ಲೇ 100 ಕಿಲೊಮೀಟರ್ ಹೋಗುವಷ್ಟರಲ್ಲಿ ಐನೂರು ಲೀಟರಿಗೂ ಹೆಚ್ಚು ಪೆಟ್ರೋಲು ಮುಗಿಯುತ್ತಿತ್ತು. ಪೆಟ್ರೋಲು ಬಾರದೆ, ಸೇತುವೆ ತಾಳದೆ, ಕೆಟ್ಟ ಗಾಡಿ ಎಳೆಯಲಾಗದೆ ತಮ್ಮ ಟೈಗರ್‌ಗಳನ್ನು ತಾವೇ ಸಿಡಿಸಿ ನಡೆದ ತಂಡಗಳು ಎಷ್ಟೋ.

ನಾರ್ವಾ ರಂಗದಲ್ಲಿ ರೈಲು ಹಳಿಯ ಏರಿ ಪಕ್ಕದಲ್ಲಿ ಕಾರಿಯಸ್ ವಾರಗಟ್ಟಲೆ ನಿಂತ. ಎದುರಿಗೆ ಜೌಗು ಕಾಡು. ಹಿಮ ಕರಗುತ್ತಿದ್ದಂತೆ ಕಾಲ್ದಳದವರ ಗುಂಡಿಗಳೆಲ್ಲ ನೀರು. ಮಾರ್ಚ್ 17ರಂದು ಸೋವಿಯತ್ ಸೈನ್ಯ ಫಿರಂಗಿಯಿಂದ ಆ ಜಾಗವನ್ನು ಉತ್ತು ಹಾಕಿ ಮುನ್ನುಗ್ಗಿದಾಗ, ಅವನು ಮತ್ತು ಆಲ್ಬರ್ಟ್ ಕೆರ್ಶರ್ ಎಂಬ ಅನುಭವಿ ಕಮಾಂಡರ್, ಎರಡೇ ಟೈಗರ್‌ಗಳಲ್ಲಿ ಅಲ್ಲಿ ತಡೆದು ನಿಂತರು. ಇದೇ ಹೋರಾಟಗಳಿಗಾಗಿ ಮೇ 4ರಂದು ಅವನಿಗೆ ನೈಟ್ಸ್ ಕ್ರಾಸ್. ಇಲ್ಲಿಯೇ ಒಂದು ದಿನ, ಸಿಗರೇಟು ಹಚ್ಚಲು ತಲೆ ಬಗ್ಗಿಸಿದ್ದಾಗ ಶೆಲ್ ಒಂದು ಬಂದು ಕಮಾಂಡರ್ ತಲೆ ಇಡುವ ಉಕ್ಕಿನ ಬುರುಡೆಯನ್ನೇ ಕಿತ್ತುಕೊಂಡು ಹೋಯಿತು ಎಂದು ಅವನು ಬರೆಯುತ್ತಾನೆ. ತಲೆ ಎತ್ತಿ ನೋಡಿದರೆ ಮೇಲೆ ಆಕಾಶ.

ಆ ರೈಲು ಹಳಿಯಿಂದ ಬಹಳ ದೂರವೇನೂ ಅಲ್ಲ, ವೈವಾರಾ ಎಂಬ ಊರು. 1943ರ ಸೆಪ್ಟೆಂಬರಿನಲ್ಲಿ ನಾತ್ಸಿಗಳ ಎಸ್‌ಎಸ್ ಪಡೆಯವರು ಅಲ್ಲಿ ಸೆರೆಶಿಬಿರ ತೆರೆದಿದ್ದರು. ವಿಲ್ನಾ ಮತ್ತು ಕೌನಾಸ್‌ನ ಯಹೂದಿ ಕೇರಿಗಳಿಂದ ಹೆಂಗಸರು, ಗಂಡಸರು, ಮಕ್ಕಳನ್ನು ಸಾವಿರಗಟ್ಟಲೆ ತಂದು ಅಲ್ಲಿಯ ಎಣ್ಣೆಗಲ್ಲಿನ ಗಣಿಗಳಲ್ಲಿ, ರೈಲು ದಾರಿಗಳಲ್ಲಿ ದುಡಿಸಿದರು. ಕೈಲಾಗದವರನ್ನು ಆರಿಸಿ ಕೊಂದರು. ಆ ಎಣ್ಣೆಗಲ್ಲಿನಿಂದ ಬರುವ ಇಂಧನ ಕೈತಪ್ಪಬಾರದು ಎಂಬುದು ನಾರ್ವಾ ರಂಗವನ್ನು ಹಟ ಹಿಡಿದು ಕಾಯ್ದದ್ದಕ್ಕೆ ಒಂದು ಕಾರಣ. ಅಂದರೆ ಕಾರಿಯಸ್ ಮತ್ತು ಕೆರ್ಶರ್ ಪ್ರಾಣ ಪಣವಿಟ್ಟು ಕಾಯ್ದ ನೆಲದ ಬೆನ್ನಿಗೇ ಆ ಶಿಬಿರಗಳಿದ್ದವು. ಯುದ್ಧದ ನಕ್ಷೆಯಲ್ಲಿ ಟ್ಯಾಂಕಿನ ಗುರುತನ್ನೂ ಶಿಬಿರದ ಗುರುತನ್ನೂ ಒಂದೇ ಹಾಳೆಯ ಮೇಲೆ ಹಾಕಿ ನೋಡಿದಾಗ ನನ್ನ ಕೈ ನಡುಗಿತು.

ಜುಲೈಯಲ್ಲಿ ಅವನ ಕಂಪನಿಯನ್ನು ದಕ್ಷಿಣಕ್ಕೆ, ಲಾತ್ವಿಯಾದ ದೌಗವ್‌ಪಿಲ್ಸ್ ಕಡೆಗೆ ಕಳಿಸಿದರು. 22ರಂದು ಆ ನಗರದ ಉತ್ತರಕ್ಕೆ ಮಲಿನಾವಾ ಎಂಬ ಹಳ್ಳಿಯಲ್ಲಿ ಸೋವಿಯತ್ ಟ್ಯಾಂಕುಗಳು ಬಂದು ನಿಂತಿದ್ದವು. ಅವುಗಳಲ್ಲಿ ಹೊಸ ಸ್ತಾಲಿನ್ ಟ್ಯಾಂಕುಗಳೂ ಇದ್ದವು: 46 ಟನ್ ತೂಕ, 122 ಮಿಲಿಮೀಟರ್ ತೋಪು. ಕಾರಿಯಸ್ ದಿಬ್ಬದ ಮರೆಯಲ್ಲಿ ಜಾಗ ನೋಡಿಕೊಂಡು ಬಂದ. ರಸ್ತೆ ಕಿರಿದು, ಎಲ್ಲ ಟೈಗರ್‌ಗಳಿಗೆ ಜಾಗವಿಲ್ಲ. ತಾನು ಮತ್ತು ಕೆರ್ಶರ್ ಇಬ್ಬರೇ ಪೂರ್ಣ ವೇಗದಲ್ಲಿ ಹಳ್ಳಿಗೆ ನುಗ್ಗುವುದು, ಉಳಿದವರು ದಿಬ್ಬದಿಂದ ಕಾಯುವುದು ಎಂದು ತೀರ್ಮಾನ. ಹಳ್ಳಿಯೊಳಗಿನ ಕೆಲಸ ಬಹಳ ಬೇಗ ಮುಗಿಯಿತು. ಜರ್ಮನ್ ವರದಿಯ ಪ್ರಕಾರ ಆ ದಿನ 17 ಸ್ತಾಲಿನ್, 5 ಟಿ-34 ನಾಶ. ಸೋವಿಯತ್ ಕಡತ ನೋಡಿದ ಇತಿಹಾಸಕಾರರು ಅಷ್ಟನ್ನು ಒಪ್ಪುವುದಿಲ್ಲ. ಅಭಿಮಾನಿಗಳು ಅವನನ್ನು ನೆನೆಯುವುದು ಈ ದಿನಕ್ಕಾಗಿ. ಉರಿದ ಒಂದೊಂದು ಟ್ಯಾಂಕಿನಲ್ಲೂ ನಾಲ್ಕೈದು ಜನ ಇದ್ದರು, ಅವರೂ ಇಪ್ಪತ್ತರ ಹುಡುಗರು, ಅದೂ ತಮ್ಮ ನೆಲದಿಂದ ದಂಡೆತ್ತಿ ಬಂದವರನ್ನು ಓಡಿಸಲು ಬಂದವರು.

ಎರಡು ದಿನ ಕಳೆದು, 24ರಂದು, ಅವನ ಸರದಿ ಬಂತು. ಟೈಗರ್‌ಗಳು ಹಿಂದೆ ಬರುತ್ತಿದ್ದವು. ಅವುಗಳನ್ನು ಎಲ್ಲಿ ನಿಲ್ಲಿಸಬೇಕು ಎಂದು ನೋಡಲು ಅವನು ಪಕ್ಕದ ತೊಟ್ಟಿಲಿರುವ ಮೋಟಾರ್‌ಸೈಕಲ್ ಹತ್ತಿ ಮುಂದೆ ಹೋದ. ಹಳ್ಳಿಯೊಂದರ ಅಂಚಿಗೆ ಬಂದಾಗ ಗುಂಡು ಹಾರಿತು. ಶತ್ರು ಆಗಲೇ ಅಲ್ಲಿಗೆ ಬಂದಿದ್ದ. ಮೊದಲ ಗುಂಡು ತೊಡೆಗೆ. ಕಾಲಿನ ಮೇಲೆ ನಿಲ್ಲುವಂತಿಲ್ಲ, ರಸ್ತೆ ಬದಿಯ ಚರಂಡಿಗೆ ಉರುಳಿ ತೆವಳತೊಡಗಿದ. ಚರಂಡಿ ಅಂದರೆ ಎಷ್ಟು ಆಳ? ಮಲಗಿದವನ ಬೆನ್ನು ಮುಚ್ಚುವಷ್ಟೂ ಇಲ್ಲ. ತೆವಳುವಾಗ ತೋಳಿಗೆ ಒಂದು ಗುಂಡು. ಬೆನ್ನಿಗೆ ನಾಲ್ಕು. ಒಂದು ಕೈ, ಒಂದು ಕಾಲು ಕೆಲಸಕ್ಕೆ ಬಾರದೆ, ಬೆನ್ನಿನಿಂದ ರಕ್ತ ಹರಿಯುತ್ತಾ, ಟ್ಯಾಂಕಿನ ರಕ್ಷೆ ಯಾವುದೂ ಇಲ್ಲದೆ, ಅವನು ಆಗ ಬರೀ ಒಬ್ಬ ಮನುಷ್ಯ. ಹತ್ತು ಸೆಂಟಿಮೀಟರ್ ಉಕ್ಕು ಕೆಲವೇ ನಿಮಿಷದ ದೂರದಲ್ಲಿತ್ತು.

ಇನ್ನು ಮುಗಿಯಿತು ಎಂದುಕೊಂಡು ತೆವಳುವುದನ್ನು ನಿಲ್ಲಿಸಿದ. ಆಗ ದೂರದಿಂದ ಟೈಗರ್ ಇಂಜಿನ್ನಿನ ಸದ್ದು. ಆ ಸದ್ದು ಅವನಿಗೂ ಕೇಳಿಸಿತು, ಸೋವಿಯತ್ ಸೈನಿಕರಿಗೂ ಕೇಳಿಸಿತು. ಮೂವರು ಅವನ ಹತ್ತಿರ ಬಂದು ನಿಂತಿದ್ದರು. ಅವರಲ್ಲೊಬ್ಬ ಅಧಿಕಾರಿ ಪಿಸ್ತೂಲು ಎತ್ತಿ ಹತ್ತಿರದಿಂದಲೇ ಹೊಡೆದ. ಒಂದು ಗುಂಡು ಕುತ್ತಿಗೆಯಲ್ಲಿ ತೂರಿ ಹೊರಗೆ ಹೋಯಿತು. ಬೆನ್ನುಹುರಿಗೂ ತಾಗಲಿಲ್ಲ, ದೊಡ್ಡ ರಕ್ತನಾಳಕ್ಕೂ ತಾಗಲಿಲ್ಲ. ಅಷ್ಟರಲ್ಲಿ ಟೈಗರ್‌ಗಳು ಮೇಲೆಯೇ ಬಂದವು, ಗುಂಡು ಹಾರಿಸಿದವರು ಓಡಿದರು. ತನ್ನವರು ಟ್ಯಾಂಕಿನಿಂದ ಹಾರಿ ತನ್ನ ಬಳಿ ಬಂದಾಗ ಅವನಿಗೆ ನೋವಿಗಿಂತ ಹೆಚ್ಚಾಗಿ ಆದದ್ದು ನೆಮ್ಮದಿ. ಕಾಲಿನ ರಕ್ತ ನಿಲ್ಲಿಸಲು ಕಟ್ಟು ಬಿಗಿದು, ಟ್ಯಾಂಕಿನ ಹಿಂಭಾಗದ ಮೇಲೆ ಮಲಗಿಸಿ, ಹಿಡಿದುಕೊಂಡು ಹಿಂದಕ್ಕೆ ಸಾಗಿಸಿದರು. ಅಲ್ಲಿಂದ ಆಸ್ಪತ್ರೆಗಳು, ಹಡಗು, ಜರ್ಮನಿ. ಅವನಿಗೆ 22 ವರ್ಷ ತುಂಬಿ ಎರಡು ತಿಂಗಳಾಗಿತ್ತು.

ಆ ಪಿಸ್ತೂಲಿನ ಅಧಿಕಾರಿಯನ್ನು ನಾನು ಬಹಳ ಸಲ ನೆನೆದಿದ್ದೇನೆ. ಗಾಯಗೊಂಡು ಬಿದ್ದವನ ಮೇಲೆ ಗುಂಡು ಹಾರಿಸಿದ್ದು ತಪ್ಪು. ಅದನ್ನು ಮುಲಾಜಿಲ್ಲದೆ ಹೇಳಬೇಕು. ಹಾಗೆಯೇ ಅವನೂ ಲೆಫ್ಟಿನೆಂಟೋ ಏನೋ ಇರಬೇಕು, ಮೂರು ವರ್ಷ ತನ್ನ ದೇಶದ ಸುಟ್ಟ ಹಳ್ಳಿಗಳ ಮೂಲಕ ನಡೆದು ಬಂದವನು. ಅವನ ನೆನಪುಗಳು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಜುಲೈ 27ರಂದು ಕಾರಿಯಸ್‌ಗೆ ಓಕ್ ಎಲೆಗಳ ಪುರಸ್ಕಾರ ಘೋಷಣೆಯಾಯಿತು, ಆ ಸಾಲಿನಲ್ಲಿ 535ನೆಯವನು. ಕಾಯಿಲೆ ಮಂಚದಲ್ಲಿದ್ದವನಿಗೆ ಸುದ್ದಿ ತಲುಪಿತು. ತೂಕ ಮೊದಲೇ ಇಲ್ಲದ ದೇಹ, ಈಗ ಎಲುಬಿನ ಗೂಡು. ಊರುಗೋಲು ಹಿಡಿದು ಮತ್ತೆ ನಡೆಯುವುದನ್ನು ಕಲಿತ. ಪದಕವನ್ನು ಅವನಿಗೆ ಕೊಟ್ಟದ್ದು ಎಸ್‌ಎಸ್ ಮುಖ್ಯಸ್ಥ ಹೈನ್ರಿಖ್ ಹಿಮ್ಲರ್. ಆ ಭೇಟಿಯನ್ನು ಕಾರಿಯಸ್ ವಿವರವಾಗಿ ಬರೆದಿದ್ದಾನೆ, ಹಿಮ್ಲರ್ ತನ್ನ ಮಾತನ್ನು ಗಮನವಿಟ್ಟು ಕೇಳಿಸಿಕೊಂಡ ಎಂಬ ಮೆಚ್ಚುಗೆಯ ಧಾಟಿಯಲ್ಲಿ. ಇದೇ ಹಿಮ್ಲರ್ 1943ರ ಅಕ್ಟೋಬರ್ 4ರಂದು ಎಸ್‌ಎಸ್ ಹಿರಿಯ ಅಧಿಕಾರಿಗಳ ಮುಂದೆ ಯಹೂದಿಗಳ ನಿರ್ಮೂಲನದ ಬಗ್ಗೆ ಬಿಚ್ಚಿ ಮಾತಾಡಿದ್ದ. ಮಾತಾಡಿದ್ದು ಪೋಸೆನ್‌ನಲ್ಲಿ, ಕಾರಿಯಸ್ ಮೊದಲ ಸಲ ಸೈನಿಕನ ಬೂಟು ಹಾಕಿದ ಊರಿನಲ್ಲಿ. ಪದಕ ಪಡೆದ ದಿನ ಆ ಹುಡುಗನಿಗೆ ಇದು ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. 1960ರಲ್ಲಿ ಗೊತ್ತಿತ್ತು. ನಾತ್ಸಿ ನಾಯಕರ ನ್ಯೂರೆಂಬರ್ಗ್ ವಿಚಾರಣೆ ಮುಗಿದು ವರ್ಷಗಳೇ ಕಳೆದಿದ್ದವು. ಆ ಪುಟಗಳನ್ನು ಓದುವಾಗ ಅವನ ಕುತ್ತಿಗೆಯ ಗಾಯಕ್ಕೆ ಮರುಗಿದ್ದ ನನ್ನ ಮನಸ್ಸು ಅವನಿಂದ ದೂರ ಸರಿಯಿತು, ಆಮೇಲೆ ಹತ್ತಿರ ಬರಲಿಲ್ಲ.

ಕೊನೆಯ ತಿಂಗಳುಗಳನ್ನು ಬೇಗ ಹೇಳಿಬಿಡಬಹುದು. 1945ರ ಆರಂಭದಲ್ಲಿ, ಗಾಯ ಇನ್ನೂ ಪೂರ್ತಿ ಮಾಯದಿರುವಾಗಲೇ, ಅವನಿಗೆ ಯಾಗ್ಡ್‌ಟೈಗರ್ ಎಂಬ ದೈತ್ಯ ಗಾಡಿಗಳ ಒಂದು ಕಂಪನಿ ಕೊಟ್ಟರು. 70 ಟನ್ನಿಗೂ ಹೆಚ್ಚು ತೂಕ, 128 ಮಿಲಿಮೀಟರ್ ತೋಪು, ತಿರುಗದ ಗೋಪುರ. ಇಂಜಿನ್ ಮಾತ್ರ ಟೈಗರಿನಷ್ಟೇ ಶಕ್ತಿಯದು. ದಾರಿಯಲ್ಲಿ ಕುಲುಕಾಡಿದರೆ ಉದ್ದ ತೋಪಿನ ಗುರಿಯೇ ತಪ್ಪುತ್ತಿತ್ತು. ನಡೆಸಲು ಪಳಗಿದ ಆಳುಗಳೂ ಉಳಿದಿರಲಿಲ್ಲ. ಒಂದು ಯಾಗ್ಡ್‌ಟೈಗರ್ ಅಮೆರಿಕನ್ ಟ್ಯಾಂಕುಗಳ ಮುಂದೆ ಹಿಮ್ಮುಖವಾಗಿ ಸರಿಯುವ ಬದಲು ತಿರುಗಿ ಪಕ್ಕೆ ತೋರಿಸಿತು, ಒಳಗಿದ್ದ ಆರೂ ಜನ ಸತ್ತರು. ಮುಖ ಶತ್ರುವಿನ ಕಡೆಗೇ ಇರಬೇಕು ಎಂಬ ಮೊದಲ ಪಾಠವನ್ನೂ ಆ ಹುಡುಗರಿಗೆ ಕಲಿಸಲು ಸಮಯ ಇರಲಿಲ್ಲ. ಏಪ್ರಿಲ್ 1ರಂದು ರೂರ್ ಪ್ರದೇಶದ ಸುತ್ತ ಅಮೆರಿಕನ್ ಸೈನ್ಯ ಉರುಳು ಬಿಗಿಯಿತು. ಏಪ್ರಿಲ್ ಮಧ್ಯದಲ್ಲಿ ಕಾರಿಯಸ್ ತನ್ನ ಕಂಪನಿಯನ್ನು ಸಾಲು ನಿಲ್ಲಿಸಿ, ಪ್ರತಿಯೊಬ್ಬನ ಕೈ ಕುಲುಕಿ, ಶರಣಾದ. ಆ ಉರುಳಿನೊಳಗೆ ಸೆರೆ ಸಿಕ್ಕ ಜರ್ಮನ್ ಸೈನಿಕರು 3 ಲಕ್ಷಕ್ಕೂ ಹೆಚ್ಚು.

ಯುದ್ಧ ಮುಗಿದ ಮೇಲೆ ಅವನು ಔಷಧ ಶಾಸ್ತ್ರ ಓದಿದ. ಹೆರ್ಶ್‌ವೈಲರ್-ಪೆಟ್ಟರ್ಸ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಔಷಧಿ ಅಂಗಡಿ ತೆರೆದು ದಶಕಗಳ ಕಾಲ ನಡೆಸಿದ. ಅಂಗಡಿಗೆ ಇಟ್ಟ ಹೆಸರು ಟೈಗರ್ ಅಪೊಥೆಕೆ. ಜಪಾನಿನ ಹೆಸರಾಂತ ಆನಿಮೇಷನ್ ನಿರ್ದೇಶಕ ಹಯಾವೊ ಮಿಯಾಜಾಕಿ ಅವನ ಪುಸ್ತಕವನ್ನು ಆಧರಿಸಿ ಒಂದು ಕಾಮಿಕ್ಸ್ ರಚಿಸಿದರು. ಕೆಮ್ಮಿಗೆ, ಜ್ವರಕ್ಕೆ ಔಷಧಿ ಕೊಡುತ್ತಾ ಆ ಊರಿನವರಿಗೆ ಬೇಕಾದ ಮನುಷ್ಯನಾಗಿ ಬಾಳಿದ ಕಾರಿಯಸ್ 2015ರ ಜನವರಿ 24ರಂದು, 92ನೆಯ ವಯಸ್ಸಿನಲ್ಲಿ ತೀರಿಕೊಂಡ.

ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಮೊದಲು, 2014ರ ಜನವರಿ 27ರಂದು, ಬರ್ಲಿನ್ನಿನ ಸಂಸತ್ತಿನಲ್ಲಿ ಇನ್ನೊಬ್ಬ ಮುದುಕ ಮಾತಾಡಿದರು. ಹೆಸರು ದನಿಯಿಲ್ ಗ್ರಾನಿನ್, ರಷ್ಯದ ಲೇಖಕರು, ವಯಸ್ಸು 95. 1941ರಲ್ಲಿ ಲೆನಿನ್‌ಗ್ರಾಡಿನ ರಕ್ಷಣೆಗೆ ಸ್ವಯಂಸೇವಕರಾಗಿ ಹೊರಟು ಮುಂಚೂಣಿಯ ಗುಂಡಿಗಳಲ್ಲಿ ಕೂತವರು. ತಾನು ಲೇಖಕನಾಗಿ ಅಲ್ಲ, ಸೈನಿಕನಾಗಿ ಮಾತಾಡುತ್ತಿದ್ದೇನೆ ಎಂದು ಹೇಳಿ, ಜರ್ಮನ್ ಸಂಸದರ ಎದುರು ಮುತ್ತಿಗೆಯ ದಿನಗಳನ್ನು ಬಿಡಿಬಿಡಿಯಾಗಿ ಹೇಳಿದರು. ಮೂರು ವರ್ಷದ ಮಗು ಸತ್ತಾಗ ತಾಯಿಯೊಬ್ಬಳು ಅದರ ದೇಹವನ್ನು ಚಳಿಯಲ್ಲಿ ಜೋಡಿ ಕಿಟಕಿಯ ನಡುವೆ ಇಟ್ಟು, ದಿನಕ್ಕೊಂದು ಚೂರು ಕತ್ತರಿಸಿ ಇನ್ನೊಂದು ಮಗಳಿಗೆ ಉಣಿಸಿ ಅವಳನ್ನು ಉಳಿಸಿಕೊಂಡದ್ದನ್ನು ಹೇಳಿದರು. ಯಾರ ಮೇಲೂ ಕೂಗಾಡಲಿಲ್ಲ. ಇದೇ ಗ್ರಾನಿನ್ 1970ರ ದಶಕದಲ್ಲಿ ಬೆಲಾರೂಸಿನ ಲೇಖಕ ಅಲೆಸ್ ಅದಮೋವಿಚ್ ಜೊತೆ ಸೇರಿ, ಬದುಕುಳಿದವರ ಮನೆ ಮನೆಗೆ ಹೋಗಿ, ಅವರ ಮಾತುಗಳನ್ನು, ದಿನಚರಿಗಳನ್ನು ಕೂಡಿಸಿ 'ಮುತ್ತಿಗೆಯ ಪುಸ್ತಕ' ಮಾಡಿದ್ದರು.

ಕಾರಿಯಸ್‌ನ ಪುಸ್ತಕ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತದೆ. ಟ್ಯಾಂಕಿನ ಆಟ ಆಡುವ ಹುಡುಗರು ಮನೆಯಲ್ಲಿದ್ದರೆ ಅವರು ಇವತ್ತಲ್ಲ ನಾಳೆ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಬೇಡ ಎನ್ನಬೇಡಿ. ಕೆಸರು, ಚಳಿ, ಚರಂಡಿಯಲ್ಲಿ ಬಿದ್ದ ಆ ಕೆಲವು ನಿಮಿಷ, ಇವೆಲ್ಲ ಓದಲೇಬೇಕಾದ ಪುಟಗಳು. ಗ್ರಾನಿನ್ ಮತ್ತು ಅದಮೋವಿಚ್ ಅವರ ಪುಸ್ತಕವೂ ಇಂಗ್ಲಿಷಿನಲ್ಲಿದೆ. ಅದನ್ನೂ ತರಿಸಿ ಅದೇ ಮೇಜಿನ ಮೇಲೆ ಇಡಿ.